ಮೂವತ್ತು ಮಿಲಿಸೆಕೆಂಡು ತಡ

ನಮಸ್ಕಾರ. ಇವತ್ತು ನನ್ನ ಸಿಟ್ಟು ಒಂದು ಬಟನ್ ಮೇಲೆ. ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ‘ಹ್ಯೂಮನೈಸ್’ ಎಂದಿರುತ್ತದೆ. ಒತ್ತಿದರೆ, ಪರದೆಯ ಮೇಲೆ ತಾಳದ ಅಳತೆ ತೋರಿಸುವ ಗೆರೆಗೆ (ಗ್ರಿಡ್) ಸರಿಯಾಗಿ ಕೂತಿದ್ದ ಪೆಟ್ಟುಗಳೆಲ್ಲ ಹಿಂದುಮುಂದಾಗಿ ಚದುರುತ್ತವೆ. ಮನುಷ್ಯ ಬಾರಿಸಿದ ಹಾಗಾಯಿತಂತೆ!

ಚಾಮರಾಜಪೇಟೆಯಲ್ಲಿ ಗೆಳೆಯರೊಬ್ಬರ ಮನೆಯ ಸ್ಟುಡಿಯೊದಲ್ಲಿ ತಮಟೆ ರೆಕಾರ್ಡ್ ಮಾಡಿದೆವು. ಗೆಳೆಯರು ಪ್ರತಿ ಪೆಟ್ಟನ್ನೂ ಗ್ರಿಡ್‌ಗೆ ಎಳೆದು ಕೂರಿಸಿದರು. ಕಾಯಿಸದ ತಮಟೆಯಂತೆ ಸಪ್ಪೆಯಾಯಿತು. ಆಮೇಲೆ ಆ ಬಟನ್ ಒತ್ತಿದರು. ಬಾರಿಸಿದ ಹಿರಿಯರು ಕೇಳಿ, ‘ಸ್ವಾಮಿ, ನಾವು ಇಷ್ಟು ಕೆಟ್ಟದಾಗಿ ಬಾರಿಸಿದೆವಾ?’ ಎಂದರು.

ಯಂತ್ರವನ್ನು ಬೈಯುವುದು ಸುಲಭ. ಆದರೆ 2013ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಡ್ರಮ್ ಪೆಟ್ಟುಗಳನ್ನು ಗೆರೆಯಿಂದ ಹೆಚ್ಚು ಸರಿಸಿದಷ್ಟೂ ಕೇಳುಗರು ಗ್ರೂವ್‌ಗೆ, ಅಂದರೆ ಮೈಯನ್ನು ಕುಣಿಸುವ ಗುಣಕ್ಕೆ, ಕಡಿಮೆ ಅಂಕವನ್ನೇ ಕೊಟ್ಟರು. ಡಿಸ್ಕೊ ಕಾಲದಿಂದ ಜನ ಗೆರೆ ತಪ್ಪದ ಪೆಟ್ಟಿಗೆ ಕುಣಿದೇ ಇದ್ದಾರಲ್ಲ.

ಹಾಗಾದರೆ ತಡವಾದ ಪೆಟ್ಟಿಗೆ ಬೆಲೆಯೇ ಇಲ್ಲವೇ? ಇದೆ. 2022ರಲ್ಲಿ ಜರ್ಮನಿಯ ಸಂಶೋಧಕರು ಜಾಝ್ ತಂಡದಲ್ಲಿ ಸೋಲೊ ನುಡಿಸುವವರ ವಾದನವನ್ನು ಅಳೆದರು. ವಾದಕರು ತಾಳದ ಮುಖ್ಯ ಪೆಟ್ಟನ್ನು ಸುಮಾರು 30 ಮಿಲಿಸೆಕೆಂಡು ತಡವಾಗಿ ಎಳೆಯುತ್ತಿದ್ದರು, ನಡುವಿನ ಅರೆಪೆಟ್ಟನ್ನು ಮಾತ್ರ ಜೊತೆಗಾರರೊಂದಿಗೆ ಕರಾರುವಾಕ್ಕಾಗಿ ಹೊಂದಿಸುತ್ತಿದ್ದರು. ಹೀಗೆ ಎಳೆದ ವಾದನದಲ್ಲೇ ಸ್ವಿಂಗ್, ಅಂದರೆ ಜಾಝ್‌ನ ತೂಗಾಟ, ಹೆಚ್ಚಿದೆ ಎಂದರು ಅನುಭವಿ ಜಾಝ್ ಕಲಾವಿದರು. ಮೂವತ್ತು ಮಿಲಿಸೆಕೆಂಡಿನಲ್ಲಿ ಶಬ್ದ ಗಾಳಿಯಲ್ಲಿ ಸಾಗುವುದು ಹತ್ತು ಮೀಟರು. ರೆಪ್ಪೆ ಬಡಿಯುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಅಂದರೆ ಎಲ್ಲ ಪೆಟ್ಟೂ ಅಲ್ಲ, ಯಾವುದೋ ಒಂದು ಪೆಟ್ಟು, ಪ್ರತಿಸಲವೂ ಅಷ್ಟೇ ತಡ. ಆಗ ಅದು ತಪ್ಪಲ್ಲ, ನಡೆ. ಅದಕ್ಕೆ ಇನ್ನೊಬ್ಬರು ಜಾಗ ಬಿಡದೆ ತಾಳ ಹಿಡಿದಿರಬೇಕು. ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಚೇರಿಯಲ್ಲಿ ಮುಂದಿನ ಸಾಲಿನವರು ತೊಡೆಯ ಮೇಲೆ ಹಾಕುವ ತಾಳವೂ ಆ ಕೆಲಸ ಮಾಡುತ್ತದೆ. (ನನ್ನ ಪಕ್ಕದವರು ಮಾತ್ರ ಪ್ರತಿವರ್ಷ ತಾಳದಲ್ಲಿ ಮುಂದೆ ಓಡುತ್ತಾರೆ.) ಕಿವಿ ಪೆಟ್ಟನ್ನು ಮೊದಲೇ ಎದುರು ನೋಡುತ್ತಿರುತ್ತದೆ, ಬರಬೇಕಾದ್ದು ಒಂದು ಕೂದಲೆಳೆ ತಡೆದಾಗ ಕಾಲು ತಾನಾಗಿ ಅದನ್ನು ಎಳೆದುಕೊಳ್ಳಲು ಹೋಗುತ್ತದೆ. ಇದು ನನ್ನ ಊಹೆ, ಆದರೆ ಬಿಡಲಾರೆ.

ನಮ್ಮ ತಮಟೆಯಲ್ಲೂ ಹಾಗೆಯೇ ಇತ್ತು. ಸಣ್ಣ ಕಡ್ಡಿ ಜಾಗ ಹಿಡಿದಿತ್ತು, ದಪ್ಪ ಕೋಲು ಸ್ವಲ್ಪ ಹಿಂದೆ ಬೀಳುತ್ತಿತ್ತು. ಬಟನ್ ಎರಡನ್ನೂ ಕಲಸಿಹಾಕಿತ್ತು. ಕೊನೆಗೆ ಮೂಲ ರೆಕಾರ್ಡಿಂಗನ್ನೇ ಉಳಿಸಿಕೊಂಡೆವು. ಒಂದೇ ಒಂದು ಪೆಟ್ಟು ನಿಜವಾಗಿಯೂ ಜಾರಿತ್ತು. ಅದನ್ನು ಸರಿಪಡಿಸಿದೆವು, ಆ ಹಿರಿಯರನ್ನು ಕೇಳಿಯೇ.