ಒಂದು ವರಹಕ್ಕೆ 12 ಕುರಿ

ಕೇಳುಗರಿಗೆ ನಮಸ್ಕಾರ.

ವಿಜಯನಗರ ಅಂದ ಕೂಡಲೇ ಬೀದಿಯಲ್ಲಿ ಮುತ್ತು ರತ್ನ ಮಾರುತ್ತಿದ್ದ ಮಾತೇ ಎಲ್ಲರ ಬಾಯಲ್ಲಿ. ಇವತ್ತು ಆ ಪೇಟೆಯ ಕಾಳುಕಡ್ಡಿ, ಬಟ್ಟೆಬರೆ ನೋಡೋಣ.

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗಲ್ಲಿನ ಡೊಮಿಂಗೊ ಪೇಸ್ ಇಲ್ಲಿಗೆ ಬಂದ. ಅಕ್ಕಿ, ಜೋಳ, ಬೇಳೆಕಾಳು ಧಾರಾಳವಾಗಿದ್ದವು ಎಂದು ಬರೆದಿದ್ದಾನೆ. ಒಂದು ಕಾಳನ್ನು ಜನರೂ ತಿನ್ನುತ್ತಿದ್ದರು, ಕುದುರೆಗೂ ಹಾಕುತ್ತಿದ್ದರಂತೆ. ನಮ್ಮ ಹುರುಳಿಯೇ ಇರಬೇಕು, ಅಲ್ವಾ? ಗೋಧಿ ಮಾತ್ರ ಕಡಿಮೆ. ಅದನ್ನು ಮುಸಲ್ಮಾನರು ಬಿಟ್ಟರೆ ಬೇರೆ ಯಾರೂ ತಿನ್ನುವುದಿಲ್ಲ ಎನ್ನುತ್ತಾನೆ. ಮಾವು, ಹಲಸು, ದಾಳಿಂಬೆ ಎಲ್ಲ ಅಗ್ಗ. ಪೇಟೆಯಲ್ಲಿ ಒಂದು ವರಹಕ್ಕೆ, ಅಂದರೆ ಆ ಕಾಲದ ಒಂದು ಚಿನ್ನದ ನಾಣ್ಯಕ್ಕೆ, 12 ಜೀವಂತ ಕುರಿ ಸಿಗುತ್ತಿತ್ತಂತೆ. ಗುಡ್ಡಗಾಡಿನ ಕಡೆ ಹೋದರೆ 14, 15.

ಈ ಬೆಲೆಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಸುಮಾರು 15 ವರ್ಷದ ನಂತರ ಬರೆದ ಇನ್ನೊಬ್ಬ ಪೋರ್ಚುಗೀಸ್, ನ್ಯೂನಿಜ್, ರಾಜ ಉಡುವ ಜರಿಯ ರೇಷ್ಮೆ ಬಟ್ಟೆ ಒಂದೊಂದಕ್ಕೂ 10 ವರಹ ಎನ್ನುತ್ತಾನೆ. ಪೇಸ್ ಹೇಳಿದ ದರಕ್ಕೆ ಲೆಕ್ಕ ಹಾಕಿ: ಒಂದು ಬಟ್ಟೆಗೆ 120 ಕುರಿ! ಒಂದು ಸಲ ತೊಟ್ಟದ್ದನ್ನು ರಾಜ ಮತ್ತೆ ತೊಡುತ್ತಿರಲಿಲ್ಲ. ಬಿಚ್ಚಿದ ಕೂಡಲೇ ಅದು ಅಧಿಕಾರಿಗಳ ವಶಕ್ಕೆ ಹೋಗುತ್ತಿತ್ತು. ಯಾರಿಗೂ ಕೊಡುತ್ತಿರಲಿಲ್ಲ. ಓದುವಾಗ ನನಗೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಯಾಕೆಂದರೆ ಅದೇ ಶತಮಾನದ ಶುರುವಿನಲ್ಲಿ ಬಂದ ಇಟಲಿಯ ವರ್ತೆಮಾ, ಸಾಮಾನ್ಯ ಜನರ ಮೈಮೇಲೆ ಕಂಡದ್ದು ಸೊಂಟಕ್ಕೊಂದು ತುಂಡು ಬಟ್ಟೆ ಅಷ್ಟೇ. ಉಳ್ಳವರು ಗಿಡ್ಡ ಅಂಗಿ ತೊಟ್ಟು, ತಲೆಗೆ ಜರಿಯ ವಸ್ತ್ರ ಸುತ್ತುತ್ತಿದ್ದರು. ಕಾಲಿಗೆ ಮಾತ್ರ ಅವರಿಗೂ ಏನೂ ಇಲ್ಲ!

ವೀಳ್ಯದ ವಿಷಯ ಬಂದರೆ 1443ರಲ್ಲಿ ಈಗಿನ ಅಫ್ಘಾನಿಸ್ತಾನದ ಹೆರಾತಿನಿಂದ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನನ್ನೇ ಕೇಳಬೇಕು. ಅಡಿಕೆ ಜಜ್ಜಿ ಬಾಯಿಗೆ ಹಾಕುತ್ತಾರೆ, ಎಲೆಗೆ ಸುಣ್ಣ ಸವರಿ, ಮಡಚಿ ಅಗಿಯುತ್ತಾರೆ, ಕೆಲವೊಮ್ಮೆ ಕರ್ಪೂರವೂ ಬೆರೆಸುತ್ತಾರೆ ಎಂದು ಪಕ್ಕದಲ್ಲೇ ಕೂತು ನೋಡಿದ ಹಾಗೆ ಬರೆದಿದ್ದಾನೆ. ನಮ್ಮವರಿಗೆ ದಿನಾ ಮಾಡುವ ಕೆಲಸ, ಯಾರು ಬರೆದಿಡುತ್ತಾರೆ? ಹೊರಗಿನವನಿಗೆ ಅದೇ ವಿಶೇಷ. ಊಟದಷ್ಟೇ ಇಲ್ಲಿನವರಿಗೆ ಗುಲಾಬಿಯೂ ಬೇಕು ಎಂದವನೂ ಇವನೇ.

ಆದರೆ ಪೇಸ್ ಹೆಸರಿಸಿದ ಧಾನ್ಯಗಳಲ್ಲಿ ರಾಗಿ ಇಲ್ಲ. ಅದಕ್ಕೆ ನಾವು ಅದೇ ಶತಮಾನದ ಕನಕದಾಸರ ಹತ್ತಿರ ಹೋಗಬೇಕು. ಅವರ ರಾಮಧಾನ್ಯ ಚರಿತೆಯಲ್ಲಿ ಅಕ್ಕಿಗೂ ರಾಗಿಗೂ ಜಗಳ, ತೀರ್ಪು ಹೇಳುವವನು ರಾಮ. ಗೆದ್ದದ್ದು ಬಡವರ ಹೊಟ್ಟೆ ತುಂಬಿಸುವ ರಾಗಿ.

ನಮಸ್ಕಾರ.