ಬಿಂದು ಇಟ್ಟು ನೋಡಿ

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲೆ ಗಣಿತದ ಉಪನ್ಯಾಸ ಇಟ್ಟವರಿಗೆ ಇನ್ನೊಂದು ನಮಸ್ಕಾರ. ಸಿಂಧನೂರಿನ ಈ ಸೆಖೆಯಲ್ಲಿ ಯಾರಾದರೂ ತೂಕಡಿಸಿದರೆ ನನ್ನ ತಕರಾರಿಲ್ಲ.

ನನ್ನ ತಕರಾರು ಒಂದೇ. ಅಸಮತೆಗಳ, ಅಂದರೆ ≤, ≥ ಚಿಹ್ನೆ ಇರುವ ಲೆಕ್ಕಗಳ, ನಕ್ಷೆ ಕಲಿಸುವಾಗ ಗೆರೆಯ ಯಾವ ಬದಿಗೆ ಬಣ್ಣ ಹಚ್ಚಬೇಕು ಅನ್ನೋದಕ್ಕೆ ನಾವು ಮೇಷ್ಟ್ರುಗಳು 'ಹೆಚ್ಚು ಅಂದ್ರೆ ಮೇಲೆ, ಕಡಿಮೆ ಅಂದ್ರೆ ಕೆಳಗೆ' ಅಂತ ಬಾಯಿಪಾಠ ಮಾಡಿಸುತ್ತೇವೆ. ಅದು ಎಲ್ಲ ಕಡೆ ನಡೆಯುವುದಿಲ್ಲ. ಒಂದು ಬಿಂದು ತಗೊಂಡು ಅದರ x, y ಬೆಲೆಗಳನ್ನು ಅಸಮತೆಯಲ್ಲಿ ಇಟ್ಟು ನೋಡಿ ಅನ್ನಿ, ಸಾಕು.

ನನಗೆ ಇದನ್ನು ಕಲಿಸಿದವನು ಒಬ್ಬ ಹುಡುಗ. ಬೋರ್ಡಿನ ಮೇಲೆ ನಮ್ಮ ಕಡೆಯದ್ದೇ ಲೆಕ್ಕ ಬರೆದಿದ್ದೆ. 6 ಎಕರೆ ಹೊಲ. x ಎಕರೆ ಭತ್ತ, y ಎಕರೆ ಜೋಳ. ಹಾಗಾಗಿ x + y ≤ 6. ಖರ್ಚು ಎಕರೆ ಭತ್ತಕ್ಕೆ 30 ಸಾವಿರ, ಜೋಳಕ್ಕೆ 10 ಸಾವಿರ, ಕೈಯಲ್ಲಿರುವುದು 1 ಲಕ್ಷ 20 ಸಾವಿರ. ಲೆಕ್ಕ ಸುಲಭವಾಗಲಿ ಅಂತ ಹಾಕಿದ ಅಂಕಿ, ಗೊಬ್ಬರದ ರೇಟು ಹೇಳಿ ನನ್ನನ್ನು ಬೈಬೇಡಿ. ಖರ್ಚನ್ನು ಹತ್ತು ಸಾವಿರಗಳಲ್ಲಿ ಎಣಿಸಿದರೆ 3x + y ≤ 12. ಎರಡು ಗೆರೆ ಎಳೆದೆ. (4, 1) ತಗೊಂಡೆ. ನಾಲ್ಕು, ಒಂದು, ಐದು. ಆರಕ್ಕಿಂತ ಕಡಿಮೆ. 'ಇದು ಪರಿಹಾರ' ಅಂತ ಜೋರಾಗಿ ಹೇಳಿ ಟಿಕ್ ಹಾಕಿದೆ.

ಹಿಂದಿನ ಬೆಂಚಿನಿಂದ ದನಿ ಬಂತು: "ಸರ, ಹೊಲ ಸಾಲ್ತದ, ರೊಕ್ಕ ಸಾಲಲ್ರೀ."

ಮೂರು ನಾಲ್ಕಲಿ ಹನ್ನೆರಡು, ಒಂದು ಕೂಡಿದರೆ ಹದಿಮೂರು. ಹತ್ತು ಸಾವಿರ ಸಾಲ! ಅವನು ನಕ್ಷೆ ನೋಡಿರಲೇ ಇಲ್ಲ, ಅಪ್ಪನ ಜೇಬು ನೋಡಿದ್ದ. ನಾನು ಒಂದೇ ಅಸಮತೆಯಲ್ಲಿ ಇಟ್ಟು ನೋಡಿ ಬಿಟ್ಟಿದ್ದೆ. ಎರಡರಲ್ಲೂ ಪಾಸಾಗಬೇಕಲ್ವಾ?

ಎಲ್ಲರೂ (0, 0) ಇಡುತ್ತೇವೆ. ಏನೂ ಬಿತ್ತದ ರೈತ. ಹೊಲಕ್ಕೂ ಸೈ, ರೊಕ್ಕಕ್ಕೂ ಸೈ. ಆದರೆ ನೀರಿನ ಷರತ್ತು ತನ್ನಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಹೇಗಿದ್ದೆವು, ನಿಮಗೆ ಹೇಳಬೇಕಿಲ್ಲ. ಕಾಲುವೆಯ ಕೊನೆ ಭಾಗದವನು ಹೇಳುತ್ತಾನೆ, ಭತ್ತ ಜೋಳಕ್ಕಿಂತ ಜಾಸ್ತಿ ಬೇಡ. x − y ≤ 0. ಈ ಗೆರೆ ಮೂಲಬಿಂದುವಿನಲ್ಲೇ ಹಾದು ಹೋಗುತ್ತದೆ, ಅಲ್ಲಿ ಇಟ್ಟು ನೋಡಿದರೆ ಯಾವ ಬದಿ ಅಂತ ಗೊತ್ತಾಗಲ್ಲ. (1, 4) ಇಡಿ: ಒಂದರಲ್ಲಿ ನಾಲ್ಕು ಕಳೆದರೆ ಮೈನಸ್ ಮೂರು, ಸರಿ. ಆ ಬಿಂದು ಎಲ್ಲಿದೆ? ಗೆರೆಗಿಂತ ಎತ್ತರದಲ್ಲಿ. ಚಿಹ್ನೆ 'ಕಡಿಮೆ', ಬಣ್ಣ ಹಚ್ಚುವುದು ಮೇಲೆ. ಬಾಯಿಪಾಠ ಎಲ್ಲಿ ಹೋಯಿತು?

ಅಂದಹಾಗೆ ಈ 'ಮೇಲೆ' ಅನ್ನೋ ಮಾತೇ ನಮಗೆ ಕಾಟ. 'ಗೆರೆಯ ಮೇಲೆ' ಅಂದರೆ ಗೆರೆಗೆ ಅಂಟಿಕೊಂಡೋ, ಅದಕ್ಕಿಂತ ಎತ್ತರದಲ್ಲೋ? ಮಕ್ಕಳು ಗೊಂದಲ ಮಾಡಿಕೊಂಡರೆ ತಪ್ಪು ಅವರದಲ್ಲ. ಅಂಟಿಕೊಂಡದ್ದೂ ನಡೆಯುತ್ತದೆ ಅಂದರೆ ಪೂರ್ತಿ ಗೆರೆ, ನಡೆಯಲ್ಲ ಅಂದರೆ ಚುಕ್ಕಿ ಗೆರೆ.

ಚೀಟಿ ಬಂತು, ಐದು ನಿಮಿಷವಂತೆ. ಸೋವಿಯತ್ ಗಣಿತಜ್ಞ ಕಾಂಟೊರೊವಿಚ್ 1939ರಲ್ಲೇ ಇಂಥ ಲೆಕ್ಕ ಹಿಡಿದದ್ದು, ಅಮೆರಿಕದ ಗಣಿತಜ್ಞ ಡಾಂಟ್ಸಿಗ್ 1947ರಲ್ಲಿ ಬಣ್ಣ ಹಚ್ಚಿದ ಜಾಗದ ಮೂಲೆಯಿಂದ ಮೂಲೆಗೆ ಹೋಗುವ ದಾರಿ ಕಂಡುಕೊಂಡದ್ದು, ಎಲ್ಲ ಬಿಟ್ಟೆ. ನಮ್ಮ ಲೆಕ್ಕದ ಮೂಲೆಗಳು (0, 0), (3, 3), (0, 6). ನೀರಿನ ಷರತ್ತಿಗೆ ಮುಂಚೆ (4, 0) ಕೂಡ ಇತ್ತು.

ಚಹಾ ಬರುವಷ್ಟರಲ್ಲಿ ಹಿಂದಿನ ಸಾಲಿನವರು (3, 2) ಇಟ್ಟು ನೋಡಿ. ಹೊಲ ಐದು, ಸೈ. ರೊಕ್ಕ ಹನ್ನೊಂದು, ಸೈ. ನೀರು?