ಕ್ವಾರ್ಟರ್ಸ್ ನಂಬರ್ ಹಿಡಿದು ಅಜ್ಜನ ಊರು ಹುಡುಕಿದೆವು

(ದೃಶ್ಯ: ಹಟ್ಟಿ ಕ್ಯಾಂಪ್, ಸಾಲು ಮನೆಗಳು. ಬಾಗಿಲ ಮೇಲೆ ಅರ್ಧ ಅಳಿಸಿದ ನಂಬರ್.)

ನಮಸ್ಕಾರ. ರಾಯಚೂರು ಜಿಲ್ಲೆ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಗೆ ನಮ್ಮಜ್ಜ ಯಾವ ಊರಿಂದ ಬಂದ ಅಂತ ಅವ್ವನಿಗೇ ಗೊತ್ತಿಲ್ಲ. ಕ್ವಾರ್ಟರ್ಸ್ ನಂಬರ್ ಮಾತ್ರ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾಳೆ. ಕ್ಯಾಂಪಿನಲ್ಲಿ ಬೆಳೆದವರು ಬಹಳ ಜನ ಹೀಗೇ ಅಲ್ವಾ?

ನಾನು ಮೊದಲು ಮಾಡಿದ್ದೇ ತಪ್ಪು. ಆ ಮನೆಯ ಕಾಗದ ಹುಡುಕುತ್ತಾ ಸುಮ್ನೆ ಕಂದಾಯ ಕಚೇರಿಗೆ ಅಲೆದೆ. ಕ್ವಾರ್ಟರ್ಸ್ ಕಂಪನಿಯದು, ಅಜ್ಜನ ಹೆಸರಲ್ಲಿ ಖಾತೆ ಎಲ್ಲಿಂದ ಬರಬೇಕು? ಮನೆ ಸಿಕ್ಕಿದ್ದು ನೌಕರಿಯಿಂದ. ಹುಡುಕಬೇಕಾದ್ದೂ ನೌಕರಿಯ ಕಾಗದವನ್ನೇ.

(ದೃಶ್ಯ: ತಗಡಿನ ಟ್ರಂಕು, ಹಳೇ ಪಿಎಫ್ ಚೀಟಿ.)

ಪಿಎಫ್ ಚೀಟಿಯಲ್ಲಿ ಅಜ್ಜನ ನೌಕರಿ ನಂಬರ್ ಇತ್ತು. 1952ರ ಗಣಿ ಕಾಯ್ದೆ ಪ್ರಕಾರ ಪ್ರತಿ ಗಣಿಯಲ್ಲೂ ಕೆಲಸಗಾರರ ರಿಜಿಸ್ಟರ್ ಇಡಬೇಕಿತ್ತು. ಹೆಸರು, ತಂದೆಯ ಹೆಸರು, ವಯಸ್ಸು, ಯಾವ ಕೆಲಸ, ಯಾವಾಗ ಸೇರಿದ್ದು, ಎಲ್ಲ ಅದರಲ್ಲಿ. ಹಟ್ಟಿ ಕಂಪನಿ ರಾಜ್ಯ ಸರ್ಕಾರದ್ದು, ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬಹುದು. ಫೀಸು 10 ರೂಪಾಯಿ. ಅರ್ಜಿ 150 ಪದ ದಾಟಬಾರದು, ವಿಷಯ ಒಂದೇ ಇರಬೇಕು. ಮನೆತನದ ಪುರಾಣ ಬೇಡ, ನೌಕರಿ ನಂಬರ್ ಬರೆಯಿರಿ. ಉತ್ತರದಲ್ಲಿ ಬರುವ ವಯಸ್ಸನ್ನು ಮಾತ್ರ ಜಾಸ್ತಿ ನಂಬಬೇಡಿ, ಅಂದಾಜಿಗೆ ಬರೆಸಿದ್ದೂ ಇರುತ್ತದೆ.

ನಮಗೆ ಮುತ್ತಜ್ಜನ ಹೆಸರು ಸಿಕ್ಕಿತು. ಊರು ಸಿಗಲಿಲ್ಲ.

ಅದು ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅಜ್ಜನ ಜೊತೆ ಒಂದೇ ಶಿಫ್ಟಿನಲ್ಲಿ ಗಣಿಗೆ ಇಳಿಯುತ್ತಿದ್ದವರ ಹೆಂಡತಿ, ಈಗ ಎಂಬತ್ತು ದಾಟಿದ ಅಜ್ಜಿ. "ಮೊಹರಂ ಬಂತಂದ್ರ ನಿಮ್ಮಜ್ಜ ಹತ್ತು ದಿನ ರಜಾ ಹಾಕಿ ಮುದಗಲ್ ಕಡಿ ಹೋಗ್ತಿದ್ದ ನೋಡಪ್ಪ" ಅಂದರು. ಮುದಗಲ್ ಮೊಹರಂಗೆ ಹಿಂದೂಗಳೂ ಸೇರಿ ಸುತ್ತಲ ಹಳ್ಳಿಯವರೆಲ್ಲ ಹೋಗುತ್ತಾರೆ. ಆದರೆ ಒಂದು ದಿನ ಹೋಗಿ ಬಂದರೆ ಹಬ್ಬ ನೋಡಿದ ಹಾಗೆ. ಹತ್ತು ದಿನ ಉಳಿದರೆ ಅಲ್ಲಿ ಯಾರೋ ಇರಬೇಕು.

(ದೃಶ್ಯ: ಉರ್ದು ಅಕ್ಷರದ ಹಳೇ ಪಹಣಿ.)

ಕಂದಾಯ ಕಚೇರಿ ಕೆಲಸಕ್ಕೆ ಬರುವುದು ಈಗ. 1956ರ ನವೆಂಬರ್ 1ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ಅದಕ್ಕೇ ಹಳೇ ದಾಖಲೆ ಉರ್ದುವಿನಲ್ಲಿ, ಇಸವಿ ಫಸಲಿಯಲ್ಲಿ, ಅಂದರೆ ಆಗಿನ ಕಂದಾಯ ವರ್ಷದ ಲೆಕ್ಕದಲ್ಲಿ. ಫಸಲಿಗೆ 590 ಕೂಡಿಸಿ. 1357 ಅಂದರೆ 1947-48.

ಮುದಗಲ್ ಹತ್ತಿರದ ಒಂದು ಹಳ್ಳಿಯ ಪಹಣಿಯನ್ನು ನಿವೃತ್ತ ಉರ್ದು ಮಾಸ್ತರೊಬ್ಬರು ಓದಿ ಹೇಳಿದರು. ಒಂದು ಸಾಲಿನ ಮೇಲೆ ಬೆರಳಿಟ್ಟರು. ಮುತ್ತಜ್ಜನ ಹೆಸರು, ನಾಲ್ಕು ಎಕರೆ ಹೊಲ. ಆ ಹೊಲ ಈಗ ಯಾರದು ಅಂತ ಊರಲ್ಲಿ ಕೇಳಿದೆ. ಅಜ್ಜನಿಗೆ ಒಬ್ಬ ಅಣ್ಣ ಇದ್ದನಂತೆ, ಅವನ ಮೊಮ್ಮಕ್ಕಳು ಉಳುಮೆ ಮಾಡುತ್ತಿದ್ದಾರೆ.

ಅವ್ವನಿಗೆ ಇನ್ನೂ ಹೇಳಿಲ್ಲ. ಭಾನುವಾರ ಕರೆದುಕೊಂಡು ಹೋಗುತ್ತೇನೆ.